ಹಳಿ ಕೂಡುವಲ್ಲಿ ಗಾಡಿ ಕುಲುಕುವುದೇಕೆ

ಚಿಕ್ಕಜಾಜೂರು ಬಿಟ್ಟ ಗಾಡಿ ದಾವಣಗೆರೆ ಮುಟ್ಟುವುದರೊಳಗೆ ಮಾಯಕೊಂಡ, ಕೊಡಗನೂರು, ತೋಳಹುಣಸೆಗಳನ್ನು ದಾಟುತ್ತದೆ. ಕೈಯಲ್ಲಿ ಚಹಾದ ಲೋಟ ಹಿಡಿದು ಕಿಟಕಿಯ ಪಕ್ಕ ಕೂತವರಿಗೆ ಈ ದಾರಿಯಲ್ಲಿ ಒಂದು ಸಂಗತಿ ತಾನಾಗಿಯೇ ಗಮನಕ್ಕೆ ಬರುತ್ತದೆ. ಮೆಕ್ಕೆಜೋಳದ ಹೊಲಗಳ ನಡುವಿನ ಬಯಲಿನಲ್ಲಿ ಗಾಡಿ ಒಂದೇ ಸಮನೆ ಗುಂಯ್‌ಗುಡುತ್ತ ಸಾಗುತ್ತದೆ. ಲೋಟದಲ್ಲಿ ಚಹಾ ಅಲುಗಿದರೂ ತುಳುಕುವುದಿಲ್ಲ. ನಿಲ್ದಾಣ ಹತ್ತಿರವಾಗುತ್ತಿದ್ದಂತೆ ಕಾಲಡಿಯಿಂದ ಕಟಕಟ ಸದ್ದು ಏಳುತ್ತದೆ, ಡಬ್ಬಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗಿದಂತಾಗುತ್ತದೆ, ಚಹಾ ಅಂಗಿಯ ಮೇಲೆ ಬೀಳುತ್ತದೆ. ನಿಲ್ದಾಣ ಹಿಂದಾದ ಮೇಲೆ ಮತ್ತೆ ಮೊದಲಿನ ಗುಂಯ್‌ಕಾರ. ಇಂಜಿನ್ನು ಅದೇ, ಡಬ್ಬಿ ಅದೇ, ವೇಗವೂ ಹೆಚ್ಚುಕಡಿಮೆ ಅಷ್ಟೇ ಇರುವಾಗ ಬದಲಾದದ್ದು ಕೆಳಗಿನ ಹಳಿ ಮಾತ್ರ: ಬಯಲಿನಲ್ಲಿ ಅದು ಬೆಸೆದ ಅಖಂಡ ಹಳಿ, ನಿಲ್ದಾಣದ ಎರಡು ತುದಿಗಳಲ್ಲಿ ಅದು ಕಡಿದು ಕೂಡಿಸಿದ ಹಳಿ.

ನಲವತ್ತು ದಾಟಿದವರ ನೆನಪಿನಲ್ಲಿ ರೈಲು ಪ್ರಯಾಣವೆಂದರೆ ಆ ಕಟಕಟವೇ. ಆಗ ದಾರಿಯುದ್ದಕ್ಕೂ ಕೂಡುಗಳಿದ್ದವು. ನಮ್ಮ ದೇಶದ ಬ್ರಾಡ್‌ಗೇಜ್ ಹಳಿಯ ಒಂದು ತುಂಡಿನ ರೂಢಿಯ ಉದ್ದ 13 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ, ಒಂದು ಬದಿಯ ಹಳಿಯಲ್ಲೇ, ಎಪ್ಪತ್ತಾರು ಏಳು ಕೂಡುಗಳು. ಇದರಿಂದ ಒಂದು ಮೋಜಿನ ಲೆಕ್ಕವೂ ಹುಟ್ಟುತ್ತದೆ. ಗಡಿಯಾರ ನೋಡಿಕೊಂಡು 47 ಸೆಕೆಂಡುಗಳಲ್ಲಿ ಒಂದು ಗಾಲಿ ಎಷ್ಟು ಕೂಡು ದಾಟಿತೆಂದು ಎಣಿಸಿದರೆ, ಆ ಎಣಿಕೆಯೇ ಗಾಡಿ ಗಂಟೆಗೆ ಎಷ್ಟು ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂಬ ಉತ್ತರ. ಹಳೆಯ ಸೈಡಿಂಗುಗಳಲ್ಲಿ ಈಗಲೂ ಇದನ್ನು ಪರೀಕ್ಷಿಸಿ ನೋಡಬಹುದು. ಮುಖ್ಯ ಮಾರ್ಗದಲ್ಲಿ ಎಣಿಸಲು ಕೂಡುಗಳು ಉಳಿದಿಲ್ಲ.

ಈ ಮಾತು ಈಗ ಎತ್ತಲು ಕಾರಣವಿದೆ. 1990ರ ದಶಕದಲ್ಲಿ ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಾದ ಬೆಂಗಳೂರು–ಹುಬ್ಬಳ್ಳಿ ದಾರಿ ಈಚಿನ ವರ್ಷಗಳಲ್ಲಿ ನಮ್ಮ ಭಾಗದಲ್ಲಿ ಜೋಡಿ ಹಳಿಯಾಗಿದೆ, ಮೇಲೆ ವಿದ್ಯುತ್ ತಂತಿ ಬಂದಿದೆ, 2023ರ ಜೂನ್ 27ರಿಂದ ದಾವಣಗೆರೆಯಲ್ಲಿ ವಂದೇ ಭಾರತ್ ನಿಲ್ಲತೊಡಗಿದೆ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೊಸ ಮಾರ್ಗದ ಕೆಲಸವೂ ನಡೆದಿದೆ. ಗಾಡಿ ಹೆಚ್ಚಿತು, ವೇಗ ಹೆಚ್ಚಿತು ಎಂಬ ಸುದ್ದಿಯ ಜೊತೆಯಲ್ಲೇ ಬರಬೇಕಾದ ಇನ್ನೊಂದು ಸುದ್ದಿ ಹಳಿಯ ಆರೈಕೆಯದು. ಅದು ಬರುವುದು ಅಪಘಾತವಾದ ಮರುದಿನ ಮಾತ್ರ. ಕೂಡುಗಳನ್ನು ಬೆಸೆದುಬಿಟ್ಟರೆ ತೊಂದರೆ ತೀರಿತು ಎಂಬ ಸಾಮಾನ್ಯ ನಂಬಿಕೆ ಅರ್ಧ ಮಾತ್ರ ನಿಜ. ಕೂಡು ತನ್ನ ದೋಷವನ್ನು ಸದ್ದು ಮಾಡಿ ಹೇಳುತ್ತಿತ್ತು. ಬೆಸೆದ ಹಳಿಯಲ್ಲೂ ದೋಷವಿರುತ್ತದೆ, ಆದರೆ ಅದು ಬಾಯಿ ಬಿಡುವುದಿಲ್ಲ.

ಮೊದಲು ಕೂಡು ಎಂದರೆ ಏನೆಂದು ನೋಡೋಣ. ಎರಡು ಹಳಿಗಳ ತುದಿಗಳನ್ನು ಎದುರುಬದುರು ತಂದು, ಇಕ್ಕೆಲಗಳಲ್ಲಿ ಎರಡು ಉಕ್ಕಿನ ಪಟ್ಟಿಗಳನ್ನಿಟ್ಟು, ಬೋಲ್ಟುಗಳಿಂದ ಬಿಗಿಯುತ್ತಾರೆ. ಪಟ್ಟಿಯ ಹೆಸರು ಫಿಶ್‌ಪ್ಲೇಟ್. (ಮೀನಿಗೂ ಇದಕ್ಕೂ ಸಂಬಂಧವಿಲ್ಲ, ಹಡಗಿನ ಮುರಿದ ಕಂಬಕ್ಕೆ ಇಕ್ಕೆಲದಲ್ಲಿ ಮರದ ಪಟ್ಟಿ ಕಟ್ಟುವುದಕ್ಕೆ ಇಂಗ್ಲಿಷ್ ನಾವಿಕರು ಬಳಸುತ್ತಿದ್ದ ಮಾತು ರೈಲಿಗೆ ಬಂದದ್ದು.) ತುದಿಗಳ ನಡುವೆ ಬೇಕೆಂದೇ ಸಣ್ಣ ಸಂದು ಬಿಡುತ್ತಾರೆ, ಏಕೆಂದರೆ ಉಕ್ಕು ಕಾವಿಗೆ ಹಿಗ್ಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಮಾಗಿಯ ಬೆಳಗಿನ ಜಾವ 12 ಡಿಗ್ರಿಗೆ ತಣಿದಿದ್ದ ಹಳಿ ಬೇಸಿಗೆಯ ನಡುಮಧ್ಯಾಹ್ನ 60 ಡಿಗ್ರಿಗೆ ಕಾಯಿತೆಂದು ಹಿಡಿದರೆ, 13 ಮೀಟರಿನ ತುಂಡು ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಗಾಳಿಯ ಉಷ್ಣತೆ 40ರ ಒಳಗಿದ್ದರೂ ಬಿಸಿಲಿಗೆ ಮೈಯೊಡ್ಡಿದ ಹಳಿ ಅದಕ್ಕಿಂತ 15–20 ಡಿಗ್ರಿ ಹೆಚ್ಚು ಕಾಯುವುದರಿಂದ ಈ ಲೆಕ್ಕ ಉತ್ಪ್ರೇಕ್ಷೆಯಲ್ಲ.

ಈ ಸಂದಿನಲ್ಲಿ ಗಾಲಿ ಬಿದ್ದೇಳುವುದರಿಂದ ಸದ್ದು ಬರುತ್ತದೆಂದು ಬಹುತೇಕ ಎಲ್ಲರೂ ತಿಳಿದಿದ್ದಾರೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಹೊಸ ಡಬ್ಬಿಯ ಗಾಲಿಯ ವ್ಯಾಸ 915 ಮಿ.ಮೀ. ಅಷ್ಟು ದೊಡ್ಡ ಗಾಲಿ 6 ಮಿ.ಮೀ. ಸಂದಿನ ಎರಡು ಅಂಚುಗಳ ಮೇಲೆ ಏಕಕಾಲಕ್ಕೆ ಕೂತಾಗ ಕೆಳಕ್ಕೆ ಇಳಿಯುವುದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಸಂದು ಇಮ್ಮಡಿಯಾದರೂ ಇಳಿತ ಕೂದಲೆಳೆಯಷ್ಟಾಗುವುದಿಲ್ಲ. ಹಾಗಾದರೆ ಗುದ್ದು ಎಲ್ಲಿಂದ ಬರುತ್ತದೆ?

ಗುದ್ದಿಗೆ ಕಾರಣ ಸಂದಲ್ಲ, ತಗ್ಗು. ಫಿಶ್‌ಪ್ಲೇಟು ಎಷ್ಟೇ ಬಿಗಿಯಾಗಿದ್ದರೂ ಆ ಜಾಗದಲ್ಲಿ ಹಳಿಗೆ ಇಡೀ ಹಳಿಯಷ್ಟು ಗಟ್ಟಿತನ ಇರುವುದಿಲ್ಲ. ಗಾಲಿಯ ಭಾರ ಬಿದ್ದಾಗ ಹಳಿಯ ನಡುಭಾಗ ಬಾಗುವುದಕ್ಕಿಂತ ಕೂಡಿನ ಜಾಗ ಹೆಚ್ಚು ಬಾಗುತ್ತದೆ. ಸಾವಿರ, ಲಕ್ಷ ಗಾಲಿಗಳು ಹಾದ ಮೇಲೆ ತುದಿಗಳು ಕೆಳಮುಖವಾಗಿ ಬಾಗಿಯೇ ಉಳಿಯುತ್ತವೆ, ಕೆಳಗಿನ ಜಲ್ಲಿ ಅಮುಕಿಕೊಂಡು ಹಾಗೇ ಕೂರುತ್ತದೆ. ಆಗ ಗಾಲಿ ಕೂಡಿನ ಹತ್ತಿರ ಬರುವಾಗ ಇಳಿಜಾರಿನಲ್ಲಿ ಇಳಿಯುತ್ತಿರುತ್ತದೆ, ದಾಟಿದ ಮರುಕ್ಷಣವೇ ಏರು ಹತ್ತಬೇಕಾಗುತ್ತದೆ. ಇಳಿಯುವ ಗಾಲಿಯ ದಿಕ್ಕನ್ನು ಕಣ್ಣು ಮಿಟುಕಿಸುವುದರೊಳಗೆ ಮೇಲಕ್ಕೆ ತಿರುಗಿಸುವ ಆ ತಿರುವೇ ಗುದ್ದು.

ಇದನ್ನು ಅಂಕೆಯಲ್ಲಿ ಹೇಳಬಹುದು. ಕೂಡಿನ ಎರಡೂ ಬದಿಯಲ್ಲಿ ಹಳಿ ಮೀಟರಿಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ಇಳಿಜಾರಾಗಿದೆ ಎಂದಿಟ್ಟುಕೊಳ್ಳಿ; ಕೆಟ್ಟ ಕೂಡೊಂದಕ್ಕೆ ಇದು ಅಸಾಮಾನ್ಯವೇನಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದ ಗಾಲಿಗೆ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರದಿಂದ ದೊಪ್ಪನೆ ಬಿದ್ದಂತೆ. 50 ಕಿ.ಮೀ. ವೇಗಕ್ಕೆ ಅದೇ ಕೂಡು ನಾಲ್ಕು ಮಿಲಿಮೀಟರಿನ ಬೀಳು ಅಷ್ಟೇ. ಬೀಳುವುದಾದರೂ ಏನು? ಸ್ಪ್ರಿಂಗಿನ ಮೇಲಿರುವ ಡಬ್ಬಿ ಮತ್ತು ಪ್ರಯಾಣಿಕರ ಭಾರವಲ್ಲ, ಸ್ಪ್ರಿಂಗಿನ ಕೆಳಗಿರುವ ಎರಡು ಗಾಲಿ, ಅಚ್ಚು, ಅದಕ್ಕೆ ಅಂಟಿಕೊಂಡ ಉಳಿದ ಭಾಗಗಳು: ಒಟ್ಟು ಒಂದು ಟನ್ನಿಗೂ ಮೇಲ್ಪಟ್ಟ ಉಕ್ಕು. ಮೋಟಾರನ್ನು ಅಚ್ಚಿನ ಮೇಲೆಯೇ ಹೇರಿಕೊಂಡ ಇಂಜಿನ್ನುಗಳಲ್ಲಿ ಈ ಭಾರ ಇನ್ನೂ ಹೆಚ್ಚು. ಹಳಿಯನ್ನು ಕೆಡಿಸುವುದರಲ್ಲಿ ಗಾಡಿಯ ಒಟ್ಟು ತೂಕದಷ್ಟೇ ಈ ಸ್ಪ್ರಿಂಗಿನ ಕೆಳಗಿನ ತೂಕವೂ ಮುಖ್ಯವೆಂಬುದು 1970ರ ದಶಕದಲ್ಲಿ ಬ್ರಿಟಿಷ್ ರೈಲಿನ ಸಂಶೋಧಕರು ಮಾಡಿದ ಕೆಲಸದಿಂದ ಖಚಿತವಾಯಿತು. ಕೂಡಿನಲ್ಲಿ ಒಂದರ ಹಿಂದೆ ಒಂದು ಎರಡು ಬಗೆಯ ಹೊಡೆತ ಬೀಳುತ್ತದೆಂದು ಅವರು ವಿಂಗಡಿಸಿದರು. ಮೊದಲನೆಯದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುವ ತೀಕ್ಷ್ಣ ಪೆಟ್ಟು. ಗಾಲಿಯ ಹಾಗೂ ಹಳಿಯ ಮೈಯನ್ನು ಜಜ್ಜುವುದು, ಬೋಲ್ಟಿನ ತೂತುಗಳ ಸುತ್ತ ಬಿರುಕು ಹುಟ್ಟಿಸುವುದು ಅದರ ಕೆಲಸ. ಕೆಲವು ಮಿಲಿಸೆಕೆಂಡುಗಳ ಮೇಲೆ ಬರುವ ಎರಡನೆಯದು ಮಂದವಾದ, ಆದರೆ ಆಳಕ್ಕೆ ಇಳಿಯುವ ಒತ್ತು. ಅದು ಸ್ಲೀಪರನ್ನೂ (ಹಳಿಯನ್ನು ಹೊತ್ತ ಅಡ್ಡ ತೊಲೆ) ಜಲ್ಲಿಯನ್ನೂ ದಾಟಿ ಮಣ್ಣಿನವರೆಗೆ ಹೋಗುತ್ತದೆ. ನಮ್ಮ ಕಿವಿಗೆ ಬೀಳುವುದು ಮೊದಲನೆಯದು. ಹಳಿಯ ಮಟ್ಟ ಕೆಡಿಸುವುದು ಎರಡನೆಯದು.

ಇದನ್ನು ಕಣ್ಣಾರೆ ನೋಡಬೇಕಾದರೆ ಗಾಡಿಯೊಳಗೆ ಕೂತು ಪ್ರಯೋಜನವಿಲ್ಲ. ದಾವಣಗೆರೆಯ ಹೊರವಲಯದ ಒಂದು ಗೇಟಿನ ಬಳಿ, ಮಳೆ ಬಿಟ್ಟ ಎರಡನೆಯ ದಿನ, ಗೂಡ್ಸ್ ಗಾಡಿ ದಾಟುವವರೆಗೆ ಬೈಕು ನಿಲ್ಲಿಸಿಕೊಂಡು ಕಾದಿದ್ದೆ. ಪಕ್ಕದ ಹಳೆಯ ಹಳಿಯಲ್ಲಿ ಫಿಶ್‌ಪ್ಲೇಟು ಹಾಕಿದ ಒಂದು ಕೂಡು ಐದಾರು ಮಾರು ದೂರದಲ್ಲಿ ಕಾಣುತ್ತಿತ್ತು. ಉಳಿದ ಕಡೆ ಜಲ್ಲಿ ಕಪ್ಪಗಿದ್ದರೆ ಆ ಕೂಡಿನ ಕೆಳಗೆ ಮಾತ್ರ ಮಂದಕ್ಕಿ ಭಟ್ಟಿಯ ಬೂದಿ ಚೆಲ್ಲಿದಂತೆ ಬೆಳ್ಳಗಿತ್ತು. ಒಂದೊಂದು ಗಾಲಿ ಬಂದಾಗಲೂ ಅಲ್ಲಿನ ಎರಡು ಸ್ಲೀಪರುಗಳು ಹೆಬ್ಬೆರಳಿನ ಅರ್ಧದಷ್ಟು ಕುಸಿದು ಮತ್ತೆ ಮೇಲೆ ಬರುತ್ತಿದ್ದವು. ಕುಸಿದಾಗಲೆಲ್ಲ ಅವುಗಳ ಅಂಚಿನಿಂದ ಬೂದು ಬಣ್ಣದ ಕೆಸರುನೀರು ಪಿಚಕಾರಿ ಹೊಡೆದಂತೆ ಚಿಮ್ಮುತ್ತಿತ್ತು. ಹತ್ತು ಹೆಜ್ಜೆ ಆಚೆಯ ಸ್ಲೀಪರುಗಳು ಕದಲಿದ್ದೂ ತಿಳಿಯುತ್ತಿರಲಿಲ್ಲ.

ಆ ಬೆಳ್ಳನೆಯ ಪುಡಿ ಮತ್ತು ಆ ಕೆಸರು ಇಡೀ ವಿಷಯದ ತಿರುಳು. ಜಲ್ಲಿಯ ಕಲ್ಲುಗಳಿಗೆ ಚೂಪು ಮೂಲೆಗಳಿರಬೇಕು. ಒಂದರ ಮೂಲೆ ಇನ್ನೊಂದಕ್ಕೆ ಸಿಕ್ಕಿಕೊಂಡು ನಿಲ್ಲುವುದರಿಂದಲೇ ಹಳಿ ಅಲುಗದೆ ಇರುತ್ತದೆ, ನಡುವಿನ ಸಂದುಗಳಲ್ಲಿ ಮಳೆನೀರು ಇಳಿದು ಹೋಗುತ್ತದೆ. ಕೂಡಿನ ಕೆಳಗೆ ಸ್ಲೀಪರು ಒನಕೆಯಂತೆ ಕುಟ್ಟುವುದರಿಂದ ಮೂಲೆಗಳು ಸವೆದು ಪುಡಿಯಾಗುತ್ತವೆ, ಪುಡಿ ಸಂದು ತುಂಬುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ನಮ್ಮ ಸುತ್ತಲಿನ ಎರೆ ಮಣ್ಣು ಇದಕ್ಕೆ ಇನ್ನಷ್ಟು ಒದಗಿಬರುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ, ಮಳೆಗೆ ಉಬ್ಬಿ ಬೆಣ್ಣೆಯಂತಾಗುವ ಈ ಮಣ್ಣಿನ ಗುಣ ಬೇಸಾಯ ಮಾಡುವವರಿಗೆ ಹೇಳಿಕೊಡಬೇಕಿಲ್ಲ. ಮೇಲಿನಿಂದ ಕುಟ್ಟು ಬಿದ್ದಂತೆಲ್ಲ ಹಸಿ ಎರೆ ಜಲ್ಲಿಯ ನಡುವೆ ಮೇಲಕ್ಕೆ ಹತ್ತಿಬರುತ್ತದೆ. ಹೊಸ ಮಾರ್ಗ ಹಾಕುವಾಗ ಮಣ್ಣಿನ ಏರಿಯ ಮೇಲೆ, ಜಲ್ಲಿಯ ಕೆಳಗೆ, ಒರಟು ಮೊರಂಬಿನಂಥ ಸಾಮಗ್ರಿಯ ಒಂದು ಹೊದಿಕೆ ಪದರ ಹಾಸುವುದು ಇದಕ್ಕೇ. ಆ ಕಾಳಜಿ ಇಲ್ಲದ ಕಾಲದ ಏರಿಗಳ ಮೇಲೆ ಎಷ್ಟು ಸಲ ಹೊಸ ಜಲ್ಲಿ ಸುರಿದರೂ ಕೆಲವು ಮಳೆಗಾಲ ಕಳೆಯುವುದರೊಳಗೆ ಮಣ್ಣು ಅದನ್ನು ನುಂಗಿರುತ್ತದೆ.

ತಗ್ಗು ಗುದ್ದನ್ನು ಹೆಚ್ಚಿಸುತ್ತದೆ, ಗುದ್ದು ತಗ್ಗನ್ನು ಹೆಚ್ಚಿಸುತ್ತದೆ. ಹಾಗಾಗಿ ಕೂಡು ಕೆಡುವ ವೇಗ ಸಮನಾಗಿರುವುದಿಲ್ಲ; ಮೊದಲ ಮಿಲಿಮೀಟರ್ ಇಳಿಯಲು ತಿಂಗಳುಗಳು ಬೇಕಾಗಬಹುದು, ಆಮೇಲಿನದು ಬೇಗ ಇಳಿಯುತ್ತದೆ. ಒಂದು ಕೂಡಿನಲ್ಲಿ ಎಗರಿದ ಗಾಲಿ ತುಸು ದೂರ ಹೋಗಿ ಮತ್ತೆ ಒತ್ತಿ ಬೀಳುವುದರಿಂದ ಅಲ್ಲಿಯೂ ಸಣ್ಣ ತಗ್ಗು ಏಳುತ್ತದೆ. ಹಳಿಯನ್ನು ಬದಲಿಸಿ ಬೆಸೆದ ಮೇಲೆಯೂ ಜಲ್ಲಿಯಲ್ಲಿ ಹಳೆಯ ಕೂಡಿನ ಗುರುತು ಉಳಿದು, ಹೊಸ ಅಖಂಡ ಹಳಿ ಅದೇ ಜಾಗದಲ್ಲಿ ಮತ್ತೆ ತಗ್ಗುವುದನ್ನು ಹಳಿಯ ಕೆಲಸದವರು ಬಲ್ಲರು.

ಒಂದು ತಗ್ಗು ಒಂದು ಗುದ್ದು ಕೊಡುತ್ತದೆ. ಸಮದೂರದಲ್ಲಿರುವ ತಗ್ಗುಗಳ ಸಾಲು ಬೇರೆಯೇ ಆಟ ಹೂಡುತ್ತದೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲನೆ ತಳ್ಳಿದರೂ ಅದು ಎತ್ತರಕ್ಕೆ ಹೋಗುತ್ತದಷ್ಟೆ. ಪ್ರಯಾಣಿಕರ ಡಬ್ಬಿಯೊಂದು ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುವ ಸ್ವಭಾವದ್ದು. 13 ಮೀಟರಿಗೊಂದು ಕೂಡಿರುವ ಹಳಿಯ ಮೇಲೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಸೆಕೆಂಡಿಗೆ ಸುಮಾರು 1.3 ಕೂಡು ಸಿಗುತ್ತವೆ. ಎರಡೂ ಲಯ ಕೂಡಿಬಂದು ಡಬ್ಬಿ ಕುದುರೆಯಂತೆ ಕುಣಿಯತೊಡಗುತ್ತದೆ. ಹಳೆಯ ಪ್ಯಾಸೆಂಜರ್ ಗಾಡಿಗಳು ನಿಧಾನವಾಗಿದ್ದರೂ ಮೈ ನೋಯಿಸುತ್ತಿದ್ದುದಕ್ಕೆ ಇದೂ ಒಂದು ಕಾರಣ. ಮೂರು ತುಂಡು ಬೆಸೆದು 39 ಮೀಟರ್ ಮಾಡಿದರೆ, 100 ಕಿ.ಮೀ. ವೇಗದಲ್ಲೂ ಸೆಕೆಂಡಿಗೆ ಸಿಗುವ ಕೂಡು ಒಂದಕ್ಕಿಂತ ಕಡಿಮೆ. ಡ್ಯಾಂಪರುಗಳು, ಅಂದರೆ ಕುಣಿತವನ್ನು ನುಂಗುವ ಸಾಧನಗಳು, ಸರಿಯಾಗಿದ್ದರೆ ಉಳಿದ ಆಟವೂ ಬೇಗ ಅಡಗುತ್ತದೆ.

ಕೂಡುಗಳನ್ನು ಎಲ್ಲಿಡಬೇಕು ಎಂಬುದರಲ್ಲೂ ದೇಶ ದೇಶಕ್ಕೆ ಪದ್ಧತಿ ಬೇರೆ. ನಮ್ಮಲ್ಲಿ ಎಡ ಬಲ ಹಳಿಗಳ ಕೂಡು ಎದುರುಬದುರು ಬರುತ್ತವೆ. ಗುದ್ದು ಎರಡೂ ಗಾಲಿಗೆ ಒಟ್ಟಿಗೆ ಬೀಳುವುದರಿಂದ ಡಬ್ಬಿ ಮೇಲೆ ಕೆಳಗೆ ಆಡುತ್ತದೆ. ಅಮೆರಿಕದಲ್ಲಿ ಒಂದು ಬದಿಯ ಕೂಡು ಇನ್ನೊಂದು ಬದಿಯ ಹಳಿಯ ನಟ್ಟನಡುವೆ ಬರುವಂತೆ ಇಡುತ್ತಿದ್ದರು. ಪ್ರತಿ ಪೆಟ್ಟು ಅರ್ಧವಾಗುತ್ತದೆಂಬ ಲಾಭವೇನೋ ಉಂಟು, ಆದರೆ ಎಡ ಗಾಲಿ ತಗ್ಗಿದಾಗ ಬಲ ಗಾಲಿ ಎತ್ತರದಲ್ಲಿ, ಬಲ ತಗ್ಗಿದಾಗ ಎಡ ಎತ್ತರದಲ್ಲಿ. ವ್ಯಾಗನ್ನು ಆನೆಯಂತೆ ಅತ್ತಿತ್ತ ಓಲಾಡುತ್ತದೆ. ಅಲ್ಲಿನ ಹಳಿಯ ರೂಢಿಯ ಉದ್ದ 39 ಅಡಿ. ಎತ್ತರದ, ತುಂಬಿದ ವ್ಯಾಗನ್ನಿನ ಸಹಜ ಓಲಾಟದ ಲಯಕ್ಕೂ ಈ 39 ಅಡಿಗೂ ಹೊಂದಿಕೆಯಾಗುವುದು ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲಿ. ಓಡಿದರೆ ಅಪಾಯವಿಲ್ಲ, ತೆವಳಿದರೂ ಇಲ್ಲ, ನಡುವಿನ ಆ ವೇಗದಲ್ಲಿ ಮಾತ್ರ ಗಾಲಿ ಹಳಿಯಿಂದ ಮೇಲೇಳುವ ಮಟ್ಟಕ್ಕೆ ಓಲಾಟ ಬೆಳೆದು ವ್ಯಾಗನ್ನುಗಳು ಹಳಿ ತಪ್ಪುತ್ತಿದ್ದವು. ಆ ದೇಶದ ನಿಯಮದಲ್ಲಿ ಅತಿ ಕೆಳದರ್ಜೆಯ ಹಳಿಯ ಮೇಲೆ ಗೂಡ್ಸ್ ಗಾಡಿಗೆ ಇರುವ ಮಿತಿ ಗಂಟೆಗೆ 10 ಮೈಲಿ, ಅಂದರೆ 16 ಕಿ.ಮೀ.; ಅದು ಈ ಓಲಾಟದ ವೇಗಕ್ಕಿಂತ ಕೆಳಗಿದೆ. ಅಲ್ಲಿನ ಸಣ್ಣ ಕಂಪನಿಗಳ ಹಳೆಯ ದಾರಿಗಳಲ್ಲಿ ಹಾವಿನ ಬೆನ್ನಿನಂತೆ ಡೊಂಕಾದ ಹಳಿಯ ಮೇಲೆ ಇಂಜಿನ್ನು ಎಡವುತ್ತ ಎಡವುತ್ತ ಬರುವ ವೀಡಿಯೊಗಳನ್ನು ನೋಡಿ ನಮ್ಮವರು ನಗುವುದುಂಟು. ನಿಜವಾಗಿ ನೋಡಬೇಕಾದದ್ದು, ಇಷ್ಟು ಕೆಟ್ಟಿದ್ದರೂ ಅದು ಬೀಳುವುದಿಲ್ಲವೇಕೆ ಎಂಬುದನ್ನು: ಚಾಲಕ ಆ ವೇಗದ ಗೆರೆ ದಾಟುವುದಿಲ್ಲ.

ನಮ್ಮಲ್ಲಿ ಎದುರುಬದುರು ಕೂಡುಗಳಿದ್ದರೂ ಎರಡೂ ಒಂದೇ ಸಮ ತಗ್ಗುತ್ತವೆ ಎಂದೇನಿಲ್ಲ. ಒಂದು ಬದಿಯಲ್ಲಿ ನೀರು ನಿಂತಿದ್ದರೆ ಆ ಬದಿ ಹೆಚ್ಚು ಕೂರುತ್ತದೆ. ಆಗ ಹಳಿಯ ಜೋಡಿ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಬೋಗಿಯ ನಾಲ್ಕು ಗಾಲಿಗಳಲ್ಲಿ (ನಾವು ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ, ಇಂಜಿನಿಯರರ ಬೋಗಿ ಎಂದರೆ ಡಬ್ಬಿಯ ಕೆಳಗಿನ ನಾಲ್ಕು ಗಾಲಿಯ ಚೌಕಟ್ಟು) ಮೂರು ಹಳಿಗೆ ಒತ್ತಿಕೊಂಡಿರುತ್ತವೆ, ನಾಲ್ಕನೆಯದರ ಮೇಲೆ ಭಾರವೇ ಇರುವುದಿಲ್ಲ. ಕುಂಟುವ ಮಂಚದ ಕಾಲಿನ ಸ್ಥಿತಿ ಅದು. ಗಾಲಿಯನ್ನು ಹಳಿಯ ಮೇಲೆ ಹಿಡಿದಿಡುವುದು ಅದರ ಮೇಲಿನ ಭಾರ. ಹಳಿಯ ಮೇಲೆ ಹತ್ತಿಸುವುದು ಪಕ್ಕದ ಒತ್ತು. ಪಕ್ಕದ ಒತ್ತಿಗೂ ಭಾರಕ್ಕೂ ಇರುವ ಪ್ರಮಾಣ ಒಂದು ಮಿತಿ ಮೀರಿದರೆ ಗಾಲಿಯ ಅಂಚು ಹಳಿ ಹತ್ತುತ್ತದೆಂದು ಫ್ರೆಂಚ್ ಇಂಜಿನಿಯರ್ ನಡಾಲ್ ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟ ಸೂತ್ರವನ್ನೇ ಇಂದಿಗೂ ಹಳಿ ತಪ್ಪಿದ ಘಟನೆಗಳ ತನಿಖೆಯಲ್ಲಿ ಬಳಸುತ್ತಾರೆ. ಅದಿರು ಇಳಿಸಿ ಬರಿದಾಗಿ ಹಿಂದಿರುಗುವ ವ್ಯಾಗನ್ನು ತುಂಬಿದ ವ್ಯಾಗನ್ನಿಗಿಂತ ಸುಲಭವಾಗಿ ಹಳಿ ತಪ್ಪುವುದೇಕೆಂಬುದಕ್ಕೆ ಉತ್ತರವೂ ಇಲ್ಲೇ ಇದೆ: ಅದರ ಸ್ಪ್ರಿಂಗುಗಳು ತುಂಬಿದ ಭಾರಕ್ಕೆ ಮಾಡಿದವು, ಬರಿದಾದಾಗ ಬಗ್ಗದೆ ಮೊಂಡಾಗಿರುತ್ತವೆ.

ಇಷ್ಟೆಲ್ಲ ರಗಳೆಗೆ ಮದ್ದಾಗಿ ಬಂದದ್ದು ಬೆಸುಗೆ. ಅಲ್ಯುಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಬೆರೆಸಿ ಹೊತ್ತಿಸಿದರೆ ಕರಗಿದ ಉಕ್ಕೇ ಸುರಿಯುವ ಥರ್ಮಿಟ್ ವಿಧಾನವನ್ನು ಜರ್ಮನಿಯ ಹನ್ಸ್ ಗೋಲ್ಡ್‌ಸ್ಮಿಟ್ ಕಂಡುಹಿಡಿದರು. 1899ರಲ್ಲಿ ಎಸೆನ್ ನಗರದ ಟ್ರಾಮ್ ಹಳಿಗಳನ್ನು ಹಾಗೆ ಬೆಸೆದರು. ಈಗ ಭಿಲಾಯಿ ಕಾರ್ಖಾನೆಯಿಂದ 260 ಮೀಟರ್ ಉದ್ದದ ಹಳಿಗಳೇ ಬರುತ್ತವೆ. ಸ್ಥಳದಲ್ಲಿ ಅವನ್ನು ಬೆಸೆದು ಕಿಲೋಮೀಟರುಗಟ್ಟಲೆ ಒಂದೇ ಹಳಿ ಮಾಡುತ್ತಾರೆ.

ಆದರೆ ಹಿಗ್ಗುವ ಉಕ್ಕು ಹಿಗ್ಗುವುದನ್ನು ಬಿಟ್ಟಿಲ್ಲ. ಒಂದು ಕಿಲೋಮೀಟರ್ ಹಳಿ ತನ್ನ ಪಾಡಿಗೆ ಬಿಟ್ಟರೆ ಮಾಗಿಯಿಂದ ಬೇಸಿಗೆಗೆ ಅರ್ಧ ಮೀಟರಿಗೂ ಹೆಚ್ಚು ಬೆಳೆಯಬೇಕು. ಅದನ್ನು ಬೆಳೆಯಗೊಡದಂತೆ ಕಾಂಕ್ರೀಟ್ ಸ್ಲೀಪರು, ಕ್ಲಿಪ್ಪು, ಜಲ್ಲಿ ಸೇರಿ ಬಿಗಿಹಿಡಿದಿರುತ್ತವೆ. ಬೆಳೆಯಲಾಗದ ಹಳಿಯೊಳಗೆ ಒತ್ತಡ ಕಟ್ಟಿಕೊಳ್ಳುತ್ತದೆ. ಮೀಟರಿಗೆ 60 ಕೆ.ಜಿ. ತೂಗುವ ಹಳಿಯಲ್ಲಿ ಪ್ರತಿ ಡಿಗ್ರಿಗೆ ಸುಮಾರು 1.9 ಟನ್, ಹಳಿಯನ್ನು ಬಿಗಿದ ದಿನದ ಉಷ್ಣತೆಗಿಂತ 30 ಡಿಗ್ರಿ ಮೇಲೇರಿದರೆ ಒಂದೊಂದು ಹಳಿಯಲ್ಲೂ 57 ಟನ್. ಗಾಡಿ ಇಲ್ಲದೆ, ಸದ್ದಿಲ್ಲದೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಳಿ ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿರುತ್ತದೆ. ಎಲ್ಲೋ ಒಂದು ಕಡೆ ಪಕ್ಕದ ಜಲ್ಲಿ ಕಡಿಮೆಯಾಗಿದ್ದರೆ ಅಲ್ಲಿ ಹಳಿ ಬಿಲ್ಲಿನಂತೆ ಪಕ್ಕಕ್ಕೆ ಸಿಡಿಯಬಹುದು. ಚಳಿಯಲ್ಲಿ ಇದೇ ಲೆಕ್ಕ ತಿರುವುಮುರುವು: ಕುಗ್ಗಲಾಗದ ಹಳಿ ಎಳೆತಕ್ಕೆ ಸಿಕ್ಕು, ಕಳಪೆ ಬೆಸುಗೆಯಲ್ಲೋ ಒಳಗಿನ ಬಿರುಕಿನಲ್ಲೋ ಪಟ್ಟನೆ ತುಂಡಾಗುತ್ತದೆ. 1998ರ ನವೆಂಬರ್ 26ರ ನಸುಕಿನಲ್ಲಿ ಪಂಜಾಬಿನ ಖನ್ನಾ ಬಳಿ ಮುರಿದ ಹಳಿಯಿಂದ ಒಂದು ಗಾಡಿ ಹಳಿ ತಪ್ಪಿ, ಅದಕ್ಕೆ ಇನ್ನೊಂದು ಬಂದು ಬಡಿದು 200ಕ್ಕೂ ಹೆಚ್ಚು ಜನ ಸತ್ತರು. ಬೇಸಿಗೆಯ ಮಧ್ಯಾಹ್ನ ಮತ್ತು ಮಾಗಿಯ ರಾತ್ರಿ ಹಳಿಗುಂಟ ನಡೆಯುವ ವಿಶೇಷ ಗಸ್ತು ಇರುವುದು ಈ ಎರಡು ಭಯಗಳಿಗಾಗಿ.

ಹೀಗೆ ನೋಡಿದರೆ ಬೆಸುಗೆ ಮಾಡಿದ್ದು ಒಂದು ವಿನಿಮಯ. ದಿನವೂ ಬೀಳುತ್ತಿದ್ದ ಸಾವಿರಾರು ಸಣ್ಣ ಗುದ್ದುಗಳನ್ನು ಕೊಟ್ಟು, ಅಪರೂಪಕ್ಕೆ ಬರುವ ಆದರೆ ಮುನ್ಸೂಚನೆ ಕೊಡದ ದೊಡ್ಡ ಅಪಾಯವನ್ನು ಕೊಂಡುಕೊಂಡಿದ್ದೇವೆ. ವಿನಿಮಯ ಲಾಭದ್ದೇ, ಅದರಲ್ಲಿ ಅನುಮಾನವಿಲ್ಲ. ಕೂಡುಗಳ ಹಳಿಯ ಮೇಲೆ ಇಂದಿನ ವೇಗವನ್ನು ಯೋಚಿಸಲೂ ಆಗದು. ಆದರೆ ಅದಕ್ಕೆ ತಕ್ಕಂತೆ ತಪಾಸಣೆಯ ರೀತಿಯೂ ಬದಲಾಗಬೇಕಾಗುತ್ತದೆ.

ಹಳೆಯ ರೀತಿ ಕಿವಿ, ಕಣ್ಣು, ಕೈಯದು. ಕೀಮ್ಯಾನ್ ದಿನಕ್ಕೊಮ್ಮೆ ತನ್ನ ಪಾಲಿನ ಕಿಲೋಮೀಟರುಗಳನ್ನು ನಡೆದು ಸಡಿಲಾದ ಬೋಲ್ಟು ಬಿಗಿಯುತ್ತಾನೆ, ಜಾರಿದ ಕ್ಲಿಪ್ಪು ಕೂರಿಸುತ್ತಾನೆ. ಗ್ಯಾಂಗಿನ ಮೇಸ್ತ್ರಿ ಹಳಿಯ ಮಟ್ಟಕ್ಕೆ ತಲೆ ಬಾಗಿಸಿ, ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡುವಂತೆ ಉದ್ದಕ್ಕೆ ನೋಡಿ ತಗ್ಗು ಹುಡುಕುತ್ತಾನೆ. ಸ್ಲೀಪರಿನ ಮೇಲೆ ಕೋಲಿನಿಂದ ಕುಟ್ಟಿ, ಟೊಳ್ಳು ಸದ್ದು ಬಂದರೆ ಕೆಳಗೆ ಜಲ್ಲಿ ಬಿಟ್ಟುಕೊಂಡಿದೆ ಎಂದು ತಿಳಿಯುತ್ತಾರೆ. ತೆಂಗಿನಕಾಯಿ ಕೊಳ್ಳುವವರು ಬೆರಳಲ್ಲಿ ತಟ್ಟಿ ನೋಡುವ ಹಾಗೆ. ಇವೆಲ್ಲ ಇಂದಿಗೂ ಬೇಕು. ಆದರೆ ಹಳಿಯ ಒಳಗಿನ ಬಿರುಕು ಕಣ್ಣಿಗೆ ಕಾಣದು. ಅದಕ್ಕೆ ಅಲ್ಟ್ರಾಸೌಂಡ್ ಯಂತ್ರ ತಳ್ಳಿಕೊಂಡು ಹೋಗಬೇಕು. ಮಟ್ಟ, ತಿರುಚು, ಅಗಲಗಳನ್ನು ಅಳೆಯಲು ಟ್ರ್ಯಾಕ್ ರೆಕಾರ್ಡಿಂಗ್ ಕಾರ್ ಎಂಬ ಅಳತೆಯ ಡಬ್ಬಿ ಓಡಬೇಕು. ಗಾಡಿಯ ನೆಲದ ಮೇಲೆ ಇಟ್ಟ ಸಣ್ಣ ಪೆಟ್ಟಿಗೆಯೊಂದು ಪ್ರತಿ ಕುಲುಕನ್ನೂ ದಾಖಲಿಸಿ, ಅದು ಗುರುತ್ವದ 0.15 ಅಥವಾ 0.20 ಪಟ್ಟು ಮೀರಿದ ಜಾಗಗಳ ಪಟ್ಟಿ ಕೊಡುವ ಏರ್ಪಾಡೂ ಇದೆ. ಚಹಾ ಚೆಲ್ಲಿದ ಜಾಗಗಳ ಪಟ್ಟಿ ಎಂದರೂ ನಡೆದೀತು.

ಯಂತ್ರಗಳಿವೆ, ಓಡಿಸಬೇಕಾದಷ್ಟು ಓಡಿಸುತ್ತಿಲ್ಲ ಎಂಬುದು ಮಹಾಲೇಖಪಾಲರ ದೂರು. ರೈಲು ಹಳಿ ತಪ್ಪಿದ ಪ್ರಕರಣಗಳ ಬಗ್ಗೆ 2022ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಅವರ ವರದಿ 2017ರಿಂದ 2021ರವರೆಗಿನ ಅವಧಿಯನ್ನು ನೋಡಿತ್ತು. ಇಂಜಿನಿಯರಿಂಗ್ ವಿಭಾಗದ ಪಾಲಿಗೆ ಬಂದ 422 ಪ್ರಕರಣಗಳಲ್ಲಿ 171ಕ್ಕೆ ಹಳಿಯ ನಿರ್ವಹಣೆಯೇ ಕಾರಣವೆಂದೂ, ಅಳತೆಯ ಡಬ್ಬಿಗಳ ತಪಾಸಣೆಯಲ್ಲಿ ಶೇ. 30ರಿಂದ 100ರವರೆಗೆ ಕೊರತೆಯಿತ್ತೆಂದೂ ಅದು ಹೇಳಿತು. ಕೊರತೆಗೆ ಹಣವೊಂದೇ ಕಾರಣವಲ್ಲ. ಹಳಿ ರಿಪೇರಿಗೆ ಗಾಡಿ ನಿಲ್ಲಿಸಿ ಕೊಡುವ ಹೊತ್ತಿಗೆ ಬ್ಲಾಕ್ ಎನ್ನುತ್ತಾರೆ. ಟ್ಯಾಂಪಿಂಗ್ ಯಂತ್ರ ಸ್ಲೀಪರಿನ ಕೆಳಗೆ ಉಕ್ಕಿನ ಬೆರಳುಗಳನ್ನಿಳಿಸಿ ಜಲ್ಲಿಯನ್ನು ಅದುಮಿ ಕೂರಿಸಬೇಕಾದರೆ ಎರಡು ಮೂರು ಗಂಟೆ ಹಳಿ ಖಾಲಿ ಸಿಗಬೇಕು. ಜನ ಹೊಸ ಗಾಡಿ ಕೇಳುತ್ತಾರೆ, ಪ್ರತಿನಿಧಿಗಳು ತಂದುಕೊಡುತ್ತಾರೆ, ಪ್ರತಿ ಹೊಸ ಗಾಡಿಯೂ ಬ್ಲಾಕಿನ ಹೊತ್ತಿನಿಂದಲೇ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಜೋಡಿ ಹಳಿಯಾದದ್ದರಿಂದ ನಮ್ಮ ದಾರಿಯಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದರಲ್ಲಿ ಗಾಡಿ ಬಿಡುವ ಅನುಕೂಲವಾಯಿತು. ನನ್ನ ಮಟ್ಟಿಗೆ ಜೋಡಿ ಹಳಿಯ ದೊಡ್ಡ ಲಾಭ ಇದೇ, ವೇಗವಲ್ಲ.

ಕೂಡುಗಳು ಪೂರ್ತಿ ಹೋಗುವುದೂ ಇಲ್ಲ. ಗಾಡಿ ಹಳಿ ಬದಲಿಸುವ ಪಾಯಿಂಟುಗಳಲ್ಲಿ ಹಳಿ ಕಡಿಯಲೇಬೇಕು. ಸಿಗ್ನಲ್ಲಿಗಾಗಿ ಹಳಿಯಲ್ಲಿ ವಿದ್ಯುತ್ ಹರಿಸುವ ಕಡೆ ಒಂದು ಭಾಗವನ್ನು ಇನ್ನೊಂದರಿಂದ ಬೇರ್ಪಡಿಸಲು ಅಂಟು ಹಾಕಿದ ಕೂಡು ಬೇಕು. ಉದ್ದ ಹಳಿ ಮುಗಿಯುವಲ್ಲಿ ಹಿಗ್ಗು ಕುಗ್ಗಿಗೆ ಎಡೆಗೊಡುವ ಜಾರುಕೂಡು ಬೇಕು. ದಾವಣಗೆರೆ ಹತ್ತಿರವಾದಾಗ ಕೇಳುವ ಕಟಕಟ ಇವುಗಳದ್ದು. ಉಳಿದ ಇಷ್ಟೇ ಕೂಡುಗಳು ಎಷ್ಟು ಮುಖ್ಯವೆಂಬುದಕ್ಕೆ ಫ್ರಾನ್ಸಿನ ಬ್ರೆತಿನ್ಯಿ ನಿಲ್ದಾಣ ಸಾಕ್ಷಿ. 2013ರ ಜುಲೈ 12ರಂದು ಅಲ್ಲಿನ ಪಾಯಿಂಟಿನ ಒಂದು ಫಿಶ್‌ಪ್ಲೇಟು ಬೋಲ್ಟುಗಳು ಸಡಿಲಿ ಕಳಚಿ ಮಗುಚಿಕೊಂಡು ಗಾಲಿಯ ದಾರಿಗೆ ಅಡ್ಡ ಬಂತು. ಗಂಟೆಗೆ 130 ಕಿ.ಮೀ.ಗೂ ಮೇಲ್ಪಟ್ಟ ವೇಗದಲ್ಲಿದ್ದ ಗಾಡಿ ಹಳಿ ತಪ್ಪಿ 7 ಜನ ಸತ್ತರು. ವೇಗದ ರೈಲಿಗೆ ಹೆಸರಾದ ದೇಶದಲ್ಲಿ ಕೆಲವು ಬೋಲ್ಟುಗಳಿಂದ ಆದದ್ದು ಅದು.

ತುಮಕೂರು–ದಾವಣಗೆರೆ ಹೊಸ ಮಾರ್ಗದಲ್ಲಿ ಹಳಿ ಮೊದಲಿನಿಂದಲೇ ಬೆಸೆದದ್ದಾಗಿರುತ್ತದೆ, ಆದರೆ ಏರಿಯ ಮಣ್ಣು ಹೊಸದು. ಹೊಸ ಏರಿ ಕೆಲವು ಮಳೆಗಾಲ ಕಾಣುವವರೆಗೆ ಕೂರುತ್ತಲೇ ಇರುತ್ತದೆ. ಚಿತ್ರದುರ್ಗದ ಬಂಡೆ ನೆಲ ಕೊರೆದು ಮಾಡಿದ ಕಡೆಗೂ ಎರೆಯ ಮೇಲೆ ಏರಿ ಕಟ್ಟಿದ ಕಡೆಗೂ ಕೂರುವ ಪ್ರಮಾಣ ಬೇರೆಯಾಗಿ, ಅವು ಸೇರುವಲ್ಲಿ ಮತ್ತು ಸೇತುವೆಗಳ ಎರಡು ತುದಿಗಳಲ್ಲಿ ಕೂಡಿಲ್ಲದೆಯೇ ತಗ್ಗು ಹುಟ್ಟುತ್ತದೆ. ಮೊದಲ ಗಾಡಿಗಳು ನಿಧಾನ ಓಡಿದವೆಂದು ಆಗ ಪತ್ರಿಕೆಗಳಲ್ಲಿ ದೂರು ಬಂದರೂ ಬರಬಹುದು; ಆ ನಿಧಾನ ಬೇಕಾದದ್ದೇ.

ಅಂಥ ತಗ್ಗನ್ನು ಎಲ್ಲರಿಗಿಂತ ಮೊದಲು ಅರಿಯುವವನು ಇಂಜಿನ್ನಿನ ಚಾಲಕ. ಎಂದಿನಂತಲ್ಲದ ಕುಲುಕು ಕಂಡರೆ ಅವನು ಅದು ಎಷ್ಟನೆಯ ಕಿಲೋಮೀಟರಿನಲ್ಲಿ ಎಂದು ಗುರುತಿಟ್ಟುಕೊಂಡು ಮುಂದಿನ ನಿಲ್ದಾಣದಲ್ಲಿ ತಿಳಿಸಬೇಕು, ಹಳಿಯ ಸಿಬ್ಬಂದಿ ಹೋಗಿ ನೋಡುವವರೆಗೆ ಹಿಂದಿನಿಂದ ಬರುವ ಗಾಡಿಗಳಿಗೆ ಎಚ್ಚರಿಕೆಯ ಚೀಟಿ ಕೊಟ್ಟು ನಿಧಾನ ದಾಟಿಸಬೇಕೆಂಬುದು ನಿಯಮ. ಪ್ರಯಾಣಿಕರೂ ಇಷ್ಟನ್ನು ಮಾಡಬಹುದು. ವಿದ್ಯುತ್ ತಂತಿಯ ಪ್ರತಿ ಕಂಬದ ಮೇಲೂ ಕಿಲೋಮೀಟರ್ ಮತ್ತು ಕಂಬದ ಸಂಖ್ಯೆ ಬರೆದಿರುತ್ತದೆ. ಒಂದೇ ಜಾಗದಲ್ಲಿ ದಿನವೂ ಚಹಾ ಚೆಲ್ಲುತ್ತಿದ್ದರೆ, ಆ ಸಂಖ್ಯೆ ಬರೆದುಕೊಂಡು ರೈಲ್ವೆಯ ಸಹಾಯವಾಣಿ 139ಕ್ಕೆ ಹೇಳಿದರಾಯಿತು. ದಾವಣಗೆರೆ ಹತ್ತಿರ ಎಲ್ಲೋ ಕುಲುಕಿತು ಎಂದರೆ ಗ್ಯಾಂಗಿನವರು ಎಲ್ಲಿ ಹುಡುಕಬೇಕು?